ಹದಿನಾರು ಕೋಣೆಯ ಚಿಪ್

“ಮೇಷ್ಟ್ರೇ, ನಾನು ಪ್ರಿನ್ಸಿಪಾಲ್ ಆದದ್ದೇ ತಡ, ಲ್ಯಾಬಿನ ಹಳೆಯ ಗೆಳೆಯರೆಲ್ಲ ಮುಖ ತಿರುಗಿಸಿಬಿಟ್ಟರು. ಏನಾಗಿರಬಹುದು, ನೀವೇ ಊಹಿಸಿ! ಹೊಟ್ಟೆಕಿಚ್ಚಲ್ಲದೆ ಇನ್ನೇನು? ಅವರು ಕೈಕೊಟ್ಟರೆ ನಾನು ಕಾಲೇಜು ನಡೆಸುವುದು ಹೇಗೆ?” ಎಂದು ನಾಗಭೂಷಣ ಸಿಡಿದ.

ಅವನಿಗೆ ಎಲೆಕ್ಟ್ರಾನಿಕ್ಸ್ ಕಲಿಸಿ ಈಗ ನಿವೃತ್ತರಾಗಿದ್ದ ಮೇಷ್ಟ್ರು ಒಂದು ಕತೆ ಹೇಳಿದರು.

ಒಂದು ಚಿಪ್ ಇತ್ತು. ಅದರ ನೆನಪೆಲ್ಲ ಅರವತ್ತನಾಲ್ಕು ಕಿಲೋಬೈಟಿನ ಒಂದೇ ಕೋಣೆ. ಚಿಕ್ಕ ಸಂಸಾರ, ಚೊಕ್ಕ ಸಂಸಾರ. ಆಮೇಲೆ ಅದಕ್ಕೊಂದು ತಮ್ಮ ಹುಟ್ಟಿತು. ಬುದ್ಧಿ ಅಣ್ಣನದೇ, ಕಣ್ಣೂ ಅಷ್ಟೇ. ಕೋಣೆ ಮಾತ್ರ ಹದಿನಾರು! ಆದರೆ ನೋಡು, ಒಂದು ಹೊತ್ತಿಗೆ ಕಾಣುವುದು ಒಂದೇ ಕೋಣೆ. ಮುಂದಿನದಕ್ಕೆ ಕಾಲಿಟ್ಟರೆ ಹಿಂದಿನದು ಪೂರ್ತಿ ಮರೆ.

ಒಬ್ಬ ಎಂಜಿನಿಯರ್ ಆ ತಮ್ಮನನ್ನು ಡೇರಿಯೊಂದರಲ್ಲಿ ಹಾಲು ತಂಪು ಮಾಡುವ ಯಂತ್ರಕ್ಕೆ ಕೂರಿಸಿದ. ಹಾಲಿನ ಕೊಬ್ಬಿನ ಲೆಕ್ಕವನ್ನು ಎರಡನೆಯ ಕೋಣೆಯಲ್ಲಿ ಬರೆದ. ‘ಎರಡನೆಯ ಕೋಣೆಗೆ ಹೋಗು’ ಎಂದು ಮೊದಲ ಕೋಣೆಯಲ್ಲಿ ಬರೆದ. ‘ಮರಳಿ ಬಾ’ ಎಂಬುದನ್ನೂ ಆ ಮೊದಲ ಕೋಣೆಯಲ್ಲೇ ಬರೆದ. ಚಿಪ್ ಹೋಯಿತು. ಲೆಕ್ಕ ಮಾಡಿತು. ಮರಳುವ ಮಾತು ಆ ಕೋಣೆಯಲ್ಲಿ ಎಲ್ಲೂ ಇರಲಿಲ್ಲ. ದಾರಿ ತಪ್ಪಿ ತಡವರಿಸಿತು. ಯಂತ್ರ ನಿಂತಿತು. ಊರಿನವರು ಕರೆದು ತಂದ ಹಾಲೆಲ್ಲ ಒಡೆಯಿತು.

ಎಂಜಿನಿಯರ್ ಕೆಂಡವಾದ. “ಹದಿನಾರು ಕೋಣೆ ಕೊಟ್ಟೆ, ಕೃತಘ್ನ! ಇದ್ದ ಒಂದನ್ನೂ ಮರೆತೆಯಲ್ಲ!” ಎಂದು ಯಂತ್ರಕ್ಕೆ ಒದ್ದ.

ಅವನ ಮೇಲಧಿಕಾರಿ ಹೇಳಿದ: “ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡು ಬಂದವನು ನೀನು. ಬಾಗಿಲನ್ನೇಕೆ ಒದೆಯುತ್ತೀಯಯ್ಯಾ? ಹೋಗುವ ಕೋಣೆಯಲ್ಲೂ ಮರಳುವ ಮಾತೊಂದನ್ನು ಬರೆದಿಡಬೇಡವೇ?”

ನಾಗಭೂಷಣನಿಗೆ ತಡೆಯಲಾಗಲಿಲ್ಲ. “ಅಷ್ಟೂ ತಿಳಿಯದವನು ಎಂಥ ಎಂಜಿನಿಯರ್ ಮೇಷ್ಟ್ರೇ! ಊರಿನವರ ಹಾಲು ಹಾಳುಮಾಡಿ, ಮೇಲೆ ಚಿಪ್ಪಿಗೆ ಬೈಗುಳ ಬೇರೆ! ಯಾವತ್ತು ನಡೆದದ್ದು ಇದು?”

ಮೇಷ್ಟ್ರು ಅವನ ಮುಖವನ್ನೇ ನೋಡುತ್ತಾ ಹೇಳಿದರು:

“ಲ್ಯಾಬಿನವರು ಎಂದಿನಂತೆ ಹನ್ನೊಂದು ಗಂಟೆಯ ಚಹಾಕ್ಕೆ ಕರೆದಾಗ, ‘ಇನ್ನು ಮೇಲೆ ನನ್ನ ಚಹಾ ಚೇಂಬರಿಗೇ ಬರುತ್ತದೆ’ ಎಂದು ನೀನು ಹೇಳಿಕಳಿಸಿದೆಯಲ್ಲ, ಅವತ್ತು: ೧೯೮೯ರ ಜುಲೈ ಮೂರು, ಸೋಮವಾರ.”