ಬಲೆಯ ಅಕ್ಕ, ಹಿಮದ ತಂಗಿ

ಲೋಕಕ್ಕೆ ಇನ್ನೂ ಹಾಲುಹಲ್ಲು ಬೀಳದ ಕಾಲವದು, ಮಗು. ಸಮುದ್ರದಾಚೆಯ ಪೈನ್ ಮರಗಳ ಕಾಡಿನಲ್ಲಿ ಇಬ್ಬರು ಸಾಲಮ್ಯಾಂಡರ್ ಅಕ್ಕತಂಗಿಯರಿದ್ದರು. ನೋಡಲಿಕ್ಕೆ ಹಲ್ಲಿಯಂತೆ, ನೆಂಟಸ್ತನ ಮಾತ್ರ ಕಪ್ಪೆಯ ಜೊತೆ. ಇಬ್ಬರೂ ಬಾಣಲೆಯ ತಳದಷ್ಟು ಕಪ್ಪು. ಮಸಿಯಕ್ಕ ಯಾರು, ಮಸಿತಂಗಿ ಯಾರು ಎಂದು ಹೆತ್ತ ತಾಯಿಗೂ ಗೊತ್ತಾಗುತ್ತಿರಲಿಲ್ಲ.

ಇಬ್ಬರಿಗೂ ಮೊಟ್ಟೆಯಿಡುವ ಹೊತ್ತು ಬಂತು. ಮಳೆ ಬಂದಿರಲಿಲ್ಲ. ಕಾಡಿನ ಗುಂಡಿಗಳೆಲ್ಲ ಒಣಗಿದ್ದವು.

ಪಕ್ಕದಲ್ಲಿ ಹರಿಯುತ್ತಿದ್ದ ಹೊಳೆ ಕರೆಯಿತು. "ನನ್ನೊಳಗೇ ಇಡಿ ಕಣ್ರೇ, ನೀರಿಗೇನು ಬರವೇ? ಅರ್ಧ ಮರಿಗಳನ್ನು ನನ್ನ ಮೀನುಗಳಿಗೆ ಕೊಟ್ಟರಾಯಿತು."

ಮಸಿಯಕ್ಕನ ಬಾಲ ನೆಟ್ಟಗಾಯಿತು. "ಯಾವ ಅರ್ಧ ಅಂತ ತಾಯಿ ಆರಿಸಬೇಕೇನು? ಹಂಗಿನ ಅರಮನೆಗಿಂತ ವಿಂಗಡದ ಗುಡಿಸಲೇ ಲೇಸು. ಒಣ ಗುಂಡಿಯಲ್ಲೇ ಇಡ್ತೀವಿ. ಮಳೆ ಬಂದೇ ಬರುತ್ತೆ."

ಹೊಳೆಗೆ ಸಿಟ್ಟು ನೆತ್ತಿಗೇರಿತು. ಭೋರೆಂದು ಅಕ್ಕತಂಗಿಯರ ನಡುವೆಯೇ ನುಗ್ಗಿತು. ಅಕ್ಕ ಆ ದಡ, ತಂಗಿ ಈ ದಡ.

"ಅಕ್ಕಾ, ಹೆದರಿಕೆ ಆಗ್ತಿದೆ!"

"ಹೆದರ್ಕೊಂಡರೆ ಹೆದರ್ಕೋ, ಜಾಗ ಮಾತ್ರ ಬಿಡಬೇಡ!"

ಇಬ್ಬರೂ ಹುಲ್ಲಿನ ಬುಡದಲ್ಲಿ, ಒಣ ಗುಂಡಿಯಲ್ಲೇ ಮೊಟ್ಟೆಯಿಟ್ಟರು. ಬಿಸಿಲೇರಿತು. ಮೊಟ್ಟೆಗಳು ಒಣಗತೊಡಗಿದವು. ಇಬ್ಬರೂ ಅವುಗಳ ಮೇಲೆ ಮೈಚಾಚಿ ನೆರಳಾದರು.

ಆ ದಡದ ಜೇಡಕ್ಕೆ ಇದು ಕಂಡಿತು. ಏನನ್ನೂ ಕೇಳದೆ ಅಕ್ಕನ ಬೆನ್ನಿನ ಮೇಲೆ ಬಲೆ ನೇಯಿತು. ಬಲೆಯಲ್ಲಿ ಇಬ್ಬನಿ ನಿಂತು, ಮೊಟ್ಟೆಗಳ ಮೇಲೆ ತೊಟ್ಟಿಕ್ಕಿತು. ಈ ದಡಕ್ಕೆ ರಾತ್ರಿಯ ಚಳಿಯಲ್ಲಿ ಬಿಳಿ ಹಿಮ ಬಂತು. ಅದೂ ಏನನ್ನೂ ಕೇಳಲಿಲ್ಲ. ತಂಗಿಯ ಬೆನ್ನಿನ ಮೇಲೆ ಮಲಗಿ, ಬೆಳಗಾದಾಗ ಹನಿಹನಿಯಾಗಿ ಕರಗಿತು. ಅಕ್ಕನ ಮೈಯಲ್ಲಿ ಬಲೆಯ ಗುರುತು ಉಳಿಯಿತು, ತಂಗಿಯ ಮೈಯಲ್ಲಿ ಹಿಮದ ಪುಡಿ.

ಕೊನೆಗೆ ಮಳೆ ಬಂತು! ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎನ್ನುತ್ತಾರಲ್ಲ, ಅಂಥ ಮಳೆ. ಗುಂಡಿಗಳು ತುಂಬಿದವು, ಮೊಟ್ಟೆಗಳು ಪಟಪಟನೆ ಒಡೆದವು.

"ತಂಗೀ, ಎಷ್ಟು ಉಳಿದವೇ?" ಹೊಳೆಯ ಆಚೆಯಿಂದ ಅಕ್ಕ ಕೂಗಿದಳು.

"ಎಲ್ಲಾನೂ ಅಕ್ಕಾ! ಎಲ್ಲಾನೂ!"

ಹೊಳೆ ತೆಪ್ಪಗೆ ಸಮುದ್ರದ ದಾರಿ ಹಿಡಿಯಿತು.

ಈಗ ಅವರ ವಂಶದಲ್ಲಿ ಉಳಿದವರು ಕೆಲವರೇ, ಮಗು. ಎಷ್ಟೋ ಗುಂಡಿಗಳನ್ನು ಜನ ಮುಚ್ಚಿಬಿಟ್ಟಿದ್ದಾರೆ. ಆದರೂ ಅವರೆಂದರೆ ನನಗೆ ಭಾರಿ ಹೆಮ್ಮೆ. ನಿನ್ನ ಪುಸ್ತಕದ ಈ ಚಿತ್ರ ನೋಡು: ಬಲೆ ಹೊದ್ದವಳು ಅಕ್ಕನ ಮೊಮ್ಮಗಳು, ಹಿಮ ಹೊದ್ದವಳು ತಂಗಿಯ ಮೊಮ್ಮಗಳು, ಇಬ್ಬರೂ ಇವತ್ತಿಗೂ ಒಂದು ಹನಿ ನೀರಿಲ್ಲದ ಗುಂಡಿಗೆ ತಲೆಯೆತ್ತಿ ನಡೆದುಹೋಗಿ, ಅಲ್ಲೇ ಮೊಟ್ಟೆಯಿಟ್ಟು, ಮಳೆಗಾಗಿ ಕಾಯುತ್ತಾರೆ.