ಏರಿನಲ್ಲಿ ಇಪ್ಪತ್ತು, ನಿಂತರೆ ಅರವತ್ತು

ಲಸಿಕೆಯ ಪೆಟ್ಟಿಗೆ ಕಟ್ಟಿಕೊಂಡು ಗುಡ್ಡದ ಮೇಲಿನ ಊರಿಗೆ ಹೊರಟಿದ್ದ ನರ್ಸ್ ದಾಕ್ಷಾಯಿಣಿಯ ಎಲೆಕ್ಟ್ರಿಕ್ ಬೈಕು ಅರ್ಧ ಏರಿನಲ್ಲಿ ಏದುಸಿರು ಬಿಟ್ಟಿತು. "ಬ್ಯಾಟರಿ ಶೇಕಡಾ ಇಪ್ಪತ್ತು," ಎಂದಿತು ಮೀಟರು. ಅವಳು ಗಾಬರಿಯಿಂದ ಬೈಕು ನಿಲ್ಲಿಸಿದಳು. ಮೀಟರು ಅರವತ್ತು ತೋರಿಸಿತು. ಹೊರಟಳು, ಮತ್ತೆ ಇಪ್ಪತ್ತು.

"ಥೂ, ಇದರ ಮಾತು ನಂಬೋದು ಹೇಗೆ?" ಎಂದು ಬೈದು, ಬೈಕನ್ನು ತಳ್ಳಿಕೊಂಡೇ ನಡೆದಳು.

ಮೀಟರು ಬ್ಯಾಟರಿಯ ಮೇಲೆ ಹರಿಹಾಯ್ದಿತು: "ಗಳಿಗೆಗೊಂದು ಮಾತಾಡಿ ನನ್ನ ಮಾನ ಕಳೆದೆ. ಯಾವುದು ನಿಜ, ಹೇಳು."

"ಎರಡೂ ನಿಜ. ಭಾರ ಎಳೆಯುವಾಗ ಕೇಳಿದರೆ ಒಂದು, ನಿಂತಾಗ ಕೇಳಿದರೆ ಇನ್ನೊಂದು."

"ಒಬ್ಬರಿಗೆ ಎರಡು ನಿಜ ಇರುವುದುಂಟೇ?"

ಅಷ್ಟರಲ್ಲಿ ಸೌದೆ ಹೊತ್ತು ಇಳಿಯುತ್ತಿದ್ದ ಮುದುಕನೊಬ್ಬ, "ಸುಸ್ತಾಯ್ತಾ ತಾಯಿ?" ಎಂದ.

"ಜೀವ ಬಾಯಿಗೆ ಬಂತು ಕಣಜ್ಜ. ಇನ್ನೊಂದು ಹೆಜ್ಜೆ ಇಡೋಕಾಗಲ್ಲ," ಎಂದಳು ದಾಕ್ಷಾಯಿಣಿ.

ಹೇಗೋ ಊರು ಮುಟ್ಟಿ, ಜಗಲಿಯ ಮೇಲೆ ಕೂತು ನೀರು ಕುಡಿದಳು. ಕೂಸನ್ನೆತ್ತಿಕೊಂಡು ಬಂದ ತಾಯಿಯೂ ಅದನ್ನೇ ಕೇಳಿದಳು.

"ಅಯ್ಯೋ, ಏನಿಲ್ಲವ್ವ. ಇನ್ನೂ ಎರಡು ಗುಡ್ಡ ಹತ್ತುತ್ತೀನಿ," ಎಂದು ದಾಕ್ಷಾಯಿಣಿ ನಕ್ಕಳು.

"ಇವಳು ಸುಳ್ಳು ಹೇಳಿದ್ದು ಅಲ್ಲೋ, ಇಲ್ಲೋ?" ಎಂದಿತು ಬ್ಯಾಟರಿ.

ಮೀಟರು ಒಮ್ಮೆ ಮಿಣುಕಿ, ನಿಂತ ಬೈಕಿನ ಅರವತ್ತನ್ನೇ ತೋರಿಸಿತು.