ಚಿಕ್ಕತಾಯಿಯ ಎಡೆ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ನಾಳಿದ್ದು ಮಹಾಲಯ ಅಮಾವಾಸ್ಯೆ. ಊರಿಗೆ ಹೋಗಿ ಮನೆಯವರೊಂದಿಗೆ ಹಿರಿಯರ ಹಬ್ಬ ಮಾಡಬೇಕು. ಅಜ್ಜ, ಅಜ್ಜಿ, ಅಣ್ಣ, ಮೂವರಿಗೂ ಎಡೆ ಇಡುತ್ತೇವೆ. ಎಡೆಯಿಟ್ಟು, ಬಾಗಿಲು ಹಾಕಿ, ಎಲ್ಲರೂ ಹೊರಗೆ ಕೂತರೆ ಸತ್ತವರು ನಿಜವಾಗಿಯೂ ಬಂದು ಉಣ್ಣುತ್ತಾರೆಯೇ?"

ಗುರು ಈ ಕತೆ ಹೇಳಿದರು.

ಒಬ್ಬ ಗಾಣಿಗನಿದ್ದ. ಅವನಿಗೆ ಒಬ್ಬಳೇ ಮಗಳು, ಚಿಕ್ಕತಾಯಿ. ಅವಳು ಬೇರೆ ಜಾತಿಯ ಬಳೆಗಾರನನ್ನು ಮೆಚ್ಚಿ ಅವನ ಹಿಂದೆ ಹೋದಳು. ಗಾಣಿಗ ಮಗಳ ಹೆಸರಿಗೆ ಎಳ್ಳುನೀರು ಬಿಟ್ಟ. ಆ ವರ್ಷದ ಹಬ್ಬಕ್ಕೆ ತನ್ನ ಅಪ್ಪ ಅಮ್ಮನ ಎಡೆಯ ಪಕ್ಕದಲ್ಲಿ ಅವಳಿಗೂ ಒಂದು ಎಲೆ ಹಾಕಿಸಿದ.

"ಬದುಕಿರೋ ಮಗಳಿಗೆ ಎಡೆ ಇಡೋಕೆ ನನ್ನ ಕೈ ಹೇಗೆ ಬರುತ್ತೆ?" ಎಂದಳು ಹೆಂಡತಿ.

"ನಮ್ಮ ಪಾಲಿಗೆ ಅವಳು ಸತ್ತಳು. ಬಡಿಸು."

ಅವಳು ಬಡಿಸಿದಳು. ಮಗಳಿಗೆ ಇಷ್ಟವೆಂದು ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ ಬಡಿಸಿದಳು. ಪಕ್ಕದಲ್ಲಿ ಹೊಸ ಸೀರೆ ಇಟ್ಟಳು. ನೆಂಟರು ಗಾಣಿಗನನ್ನು ಮಾನವಂತ ಎಂದರು. ಆ ಒಂದು ಮಾತಿಗಾಗಿ ಮನುಷ್ಯ ಏನೇನು ಮಾಡುತ್ತಾನೋ ನೋಡು. ಹೀಗೆ ಐದು ವರ್ಷ ನಡೆಯಿತು.

ಆರನೆಯ ವರ್ಷವೂ ಎಡೆಯಿಟ್ಟು, ಬಾಗಿಲು ಹಾಕಿ, ಎಲ್ಲರೂ ಜಗಲಿಯಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಗಾಣಿಗ ಬಾಗಿಲು ತಟ್ಟಿ ತಾನೊಬ್ಬನೇ ಒಳಗೆ ಕಾಲಿಟ್ಟ. ಎಡೆಯ ಮುಂದೆ ಚಿಕ್ಕತಾಯಿ ಕೂತಿದ್ದಳು. ಗಂಡ ಸತ್ತು, ಎಲ್ಲೂ ನೆಲೆಯಿಲ್ಲದೆ, ಹಿತ್ತಿಲ ಬಾಗಿಲಿನಿಂದ ಬಂದಿದ್ದಳು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಗಬಗಬನೆ ಉಣ್ಣುತ್ತಿದ್ದಳು.

"ನನ್ನ ಎಲೇನೇ ಅಪ್ಪಾ," ಎಂದಳು. "ಬೇರೆಯವರದ್ದು ಮುಟ್ಟಿಲ್ಲ."

ಗಾಣಿಗ ಅವಳತ್ತ ಒಂದು ಹೆಜ್ಜೆ ಇಟ್ಟ. ಆದರೆ ಬೆನ್ನ ಹಿಂದೆ ನೆಂಟರಿದ್ದರು. ಹೊರಗೆ ಬಂದು ಬಾಗಿಲೆಳೆದುಕೊಂಡು, "ಹಿರಿಯರು ಇನ್ನೂ ಉಣ್ತಿದ್ದಾರೆ, ಸ್ವಲ್ಪ ತಡೀರಿ," ಎಂದ. ಆ ಮಾತು ಒಳಗಿದ್ದವಳಿಗೂ ಕೇಳಿಸಿತು.

ಮತ್ತೆ ಬಾಗಿಲು ತೆರೆದಾಗ ಒಂದು ಎಲೆ ಬರಿದಾಗಿತ್ತು. ಸೀರೆ ಇರಲಿಲ್ಲ. ಮಗಳು ಎಲ್ಲೋ ನಿಜವಾಗಿಯೂ ಸತ್ತಿರಬೇಕು, ಬಂದು ಉಂಡು ಹೋದಳೆಂದು ನೆಂಟರು ಕೈಮುಗಿದರು. ಗಾಣಿಗ ಹೌದು ಹೌದೆಂದು ತಲೆಯಾಡಿಸಿದ. ಹೆಂಡತಿಗೂ ನಿಜ ಹೇಳಲಿಲ್ಲ.

ದೀಪಾವಳಿಗೆ ಮುಂಚೆ ಒಂದು ಸುದ್ದಿ ಬಂತು. ಸಂತೆಯೂರಿನ ಛತ್ರದಲ್ಲಿ ಒಬ್ಬ ಹೆಂಗಸು ಸತ್ತಿದ್ದಾಳೆ, ಯಾರ ಮನೆಯವಳೋ ಗೊತ್ತಿಲ್ಲ. ಉಟ್ಟಿದ್ದ ಸೀರೆಯ ಬಣ್ಣ ಕೇಳಿದೊಡನೆ ತಾಯಿ ಓಡಿದಳು. ಅದೇ ಸೀರೆಯಲ್ಲಿ ಮಗಳನ್ನು ಮಣ್ಣು ಮಾಡಿ ಬಂದಳು. ಗಂಡ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ. ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು.

ಮುಂದಿನ ವರ್ಷ ಮಗಳ ಎಡೆ ನಿಜವಾದ ಎಡೆಯಾಯಿತು. ಗಾಣಿಗ ಹಿತ್ತಿಲ ಬಾಗಿಲನ್ನು ತಾನೇ ತೆರೆದಿಟ್ಟು, ಮುಂಬಾಗಿಲು ಹಾಕಿ ಜಗಲಿಯಲ್ಲಿ ಕೂತ. ನೆಂಟರು ಹಸಿದು ಎದ್ದುಹೋದರೂ ಅವನು ಬಾಗಿಲು ತಟ್ಟಲಿಲ್ಲ. ಕೊನೆಗೆ ಹೆಂಡತಿಯೇ ತೆರೆದಳು. ಚಿಗಳಿಗೆ ಇರುವೆ ಮುತ್ತಿತ್ತು.

ಕತೆ ಮುಗಿಯಿತು.

"ಹಾಗಾದರೆ ಸತ್ತವರು ಬರುವುದಿಲ್ಲ ಎಂದಾಯಿತು," ಎಂದ ಶಿಷ್ಯ.

ಗುರು ಅವನ ಮುಖ ನೋಡಿ ಕೇಳಿದರು: "ನಿನ್ನ ಅಣ್ಣ ಈಗ ಯಾವ ಊರಿನಲ್ಲಿದ್ದಾನೆ?"